ಪಡಸಾಲೆಯ ಕವಿಗಳು

ನಮ್ಮ ಸೀಮೆಯ ಹಳೆಯ ಮನೆಗಳ ಪಡಸಾಲೆಯನ್ನು ಹೊಕ್ಕವರಿಗೆ ಮೊದಲು ಕಣ್ಣಿಗೆ ಬೀಳುವುದು ಪಟಗಳ ಸಾಲು. ಮಾಡಿಗೆ ಮೊಳದಷ್ಟು ಕೆಳಗೆ, ನೋಡುವವರ ಕಡೆಗೆ ತುಸು ಬಾಗಿಸಿ, ಮೊಳೆಗೆ ಹುರಿ ಕಟ್ಟಿ ತೂಗುಹಾಕಿದ ಆ ಚೌಕಟ್ಟುಗಳನ್ನು ಎಡದಿಂದ ಬಲಕ್ಕೆ ಓದುತ್ತ ಹೋದರೆ ಆ ಮನೆಯ ಮೂರು ತಲೆಮಾರುಗಳ ಚರಿತ್ರೆ ತಿಳಿಯುವುದುಂಟು. ಮನೆದೇವರು, ಮಠದ ಗುರುಗಳು, ಗಾಂಧೀಜಿ, ಕಾಲವಾದ ಹಿರಿಯರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಇವರ ನಡುವೆ ಒಬ್ಬ ಕವಿಗೆ ಎಡೆ ದೊರೆತದ್ದು ಯಾವಾಗ, ಹೇಗೆ, ಆ ಎಡೆಯಿಂದ ಕವಿಗಾಗಲಿ ಮನೆಯವರಿಗಾಗಲಿ ಆದ ಪ್ರಯೋಜನವೇನು ಎಂಬ ವಿಚಾರ ಕೆಲವು ಕಾಲದಿಂದ ನನ್ನ ಮನಸ್ಸಿನಲ್ಲಿದೆ. ಅದಕ್ಕೆ ಕಾರಣವೂ ಉಂಟು. ಕ್ರಮವಾಗಿ ಹೇಳುತ್ತೇನೆ.

ನಮ್ಮ ಅಜ್ಜಂದಿರ ಕಾಲದ ಪಡಸಾಲೆಗಳಲ್ಲಿ ಕವಿಗಳಿರಲಿಲ್ಲ, ಕಾವ್ಯಗಳಿದ್ದುವು. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ತೆರೆದ ಮೇಲೆ, ಅರಮನೆಗಳಿಗೆ ಮೀಸಲಾಗಿದ್ದ ಚಿತ್ರಗಳು ಕೆಲವು ಆಣೆಗಳಿಗೆ ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ದೊರೆಯಲಾರಂಭಿಸಿದುವು. ನಯಮಾಡಿದ ಸುಣ್ಣಗಲ್ಲಿನ ಮೇಲೆ ಜಿಡ್ಡುಳ್ಳ ಮಸಿಯಿಂದ ಚಿತ್ರವನ್ನು ತಿರುಗುಮುರುಗಾಗಿ ಬರೆದು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನಂತೆ ಕಾಗದವನ್ನು ಮತ್ತೆ ಮತ್ತೆ ಒತ್ತಿ ತೆಗೆಯುವ ಆ ಕೆಲಸ ಎಷ್ಟು ತಾಳ್ಮೆಯದೆಂಬುದನ್ನು ಪಟ ಕೊಂಡವರು ಅರಿತಿರಲಾರರು. ನಮ್ಮ ಮನೆಯಲ್ಲಿ, ಕಾಲಿಗೆ ಮುಳ್ಳು ತಾಗಿತೆಂಬ ನೆಪದಲ್ಲಿ ಹಿಂದಿರುಗಿ ನೋಡುವ ಶಕುಂತಲೆಯ ಪಟವಿತ್ತು. ನಮ್ಮ ಅಜ್ಜಿ ಅದನ್ನು ಯಾವುದೋ ದೇವಿಯೆಂದೇ ಭಾವಿಸಿ, ಶುಕ್ರವಾರದ ದಿನ ಅದರ ಕನ್ನಡಿಗೂ ಕುಂಕುಮವಿಡುತ್ತಿದ್ದರು. ಹೀಗೆ ಕಾಳಿದಾಸನ ನಾಯಿಕೆ ನಮ್ಮಲ್ಲಿ ವರ್ಷಗಟ್ಟಲೆ ಪೂಜೆಗೊಂಡಳು; ಕಾಳಿದಾಸನ ಹೆಸರನ್ನು ಮಾತ್ರ ಆ ಮನೆಯಲ್ಲಿ ಯಾರೂ ಎತ್ತಿದವರಿಲ್ಲ. ನಾನು ಸಂಸ್ಕೃತ ಪಾಠಶಾಲೆಗೆ ಸೇರಿ ಆ ನಾಟಕದ ಎರಡನೆಯ ಅಂಕವನ್ನು ಓದಿದ ದಿನವೇ ಆ ಪಟದ ಅರ್ಥ ನನಗಾದದ್ದು. ಊರಿಗೆ ಬಂದು ಅಜ್ಜಿಗೆ ಹೇಳಿದೆ. "ಯಾರಾದರೇನು, ಮುತ್ತೈದೆಯಲ್ಲವೆ?" ಎಂದು ಕುಂಕುಮವನ್ನು ಮುಂದುವರಿಸಿದರು.

ಕವಿಯೆಂದು ಹೇಳದೆಯೇ ಕವಿಯ ಪಟವನ್ನು ಪೂಜಿಸುವ ಪದ್ಧತಿಯೂ ನಮ್ಮಲ್ಲಿತ್ತು, ಈಗಲೂ ಇದೆ. ಕುಣಿಗಲು ತಾಲ್ಲೂಕಿನ ಯಡಿಯೂರಿಗೆ ಹೋದವರು ಸಿದ್ಧಲಿಂಗೇಶ್ವರನ ಪಟವನ್ನು ಕೊಳ್ಳದೆ ಹಿಂದಿರುಗುವುದು ಅಪರೂಪ. ಆ ಪಟದಲ್ಲಿ ಬಹುಮಟ್ಟಿಗೆ ಒಂದು ಹುತ್ತ, ಹುತ್ತದೊಳಗೆ ಧ್ಯಾನಸ್ಥನಾದ ಯತಿ, ಹುತ್ತದ ಮೇಲೆ ಹಾಲು ಕರೆಯುತ್ತಿರುವ ಹಸು, ಹಿಂದೆ ತೋಟ ಇವು ಇರುತ್ತವೆ. ಯಡಿಯೂರಿಗೆ ಸಮೀಪದ ಕಗ್ಗೆರೆಯ ತೋಟದಲ್ಲಿ ಅವರು ತಪಸ್ಸು ಮಾಡಿದರೆಂಬ ಐತಿಹ್ಯವನ್ನು ಆ ಪಟ ಹೇಳುತ್ತದೆ. 'ತೋಂಟದ' ಎಂಬ ಹೆಸರಿಗೂ ಅದೇ ಮೂಲ. ಆದರೆ ೧೫-೧೬ನೆಯ ಶತಮಾನಗಳ ಆ ಮಹನೀಯರು ೭೦೧ ವಚನಗಳ 'ಷಟ್‌ಸ್ಥಲ ಜ್ಞಾನಸಾರಾಮೃತ'ವನ್ನು ರಚಿಸಿದವರು, ಬಸವಣ್ಣನವರ ಕಾಲದ ತರುವಾಯ ಬತ್ತಿದಂತಿದ್ದ ವಚನದ ಹೊನಲನ್ನು ಮತ್ತೆ ಹರಿಯಿಸಿದವರು ಎಂಬುದನ್ನು ಪಟ ಹೇಳುವುದಿಲ್ಲ, ಅಂಗಡಿಯವನೂ ಹೇಳುವುದಿಲ್ಲ. ಕವಿಯ ಬಾಳೂ ಕವಿ ನೆಲಸಿದ ನೆಲವೂ ಅಚ್ಚಿನ ಚಿತ್ರವಾಗಿ ಮನೆಮನೆಗೆ ಹೋದದ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ. ಆದರೆ ಅಲ್ಲಿ ಹಸುವಿಗಿರುವ ಸ್ಥಾನ ಓಲೆಗರಿಗಿಲ್ಲ.

ಇನ್ನು ಕವಿಯನ್ನು ಕವಿಯೆಂದೇ ತೂಗುಹಾಕಿದ್ದು ಶಾಲೆಗಳಲ್ಲಿ. ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡಿಗರನ್ನು ಒಂದೇ ಹಾಳೆಯಲ್ಲಿ ಅಚ್ಚು ಮಾಡಿದ ಪಟವನ್ನು ವಾಚಕರೆಲ್ಲರೂ ಕಂಡಿರುವರು. ೧೯೬೭ರ ಕುವೆಂಪು, ೧೯೭೩ರ ಬೇಂದ್ರೆ ಮೊದಲುಗೊಂಡು ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡರವರೆಗೆ ಏಳು ಮುಖಗಳಿದ್ದುವು. ೨೦೧೦ನೆಯ ಸಾಲಿನ ಪ್ರಶಸ್ತಿ ಕಂಬಾರರಿಗೆ ಬಂದ ಮೇಲೆ ಎಂಟಾದುವು. ಗುಬ್ಬಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಈ ಪಟ ಕರಿಹಲಗೆಯ ನೆತ್ತಿಯ ಮೇಲೆಯೇ ಇತ್ತು. ಮಕ್ಕಳು ಮುಖ ನೋಡಿ ಹೆಸರು ಹೇಳುತ್ತಿದ್ದರು, ಹೆಸರು ಕೇಳಿ ಇಸವಿ ಹೇಳುತ್ತಿದ್ದರು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಮಾಸ್ತಿಯವರ ರುಮಾಲನ್ನೂ ಕಾರಂತರ ನೆರೆಗೂದಲನ್ನೂ ಅವರು ಚೆನ್ನಾಗಿ ಬಲ್ಲರು. ನನಗೆ ಆಗ ಇದರಲ್ಲಿ ವಿಶೇಷವಾದ ಶ್ರದ್ಧೆಯಿರಲಿಲ್ಲವೆಂದು ಹೇಳಬೇಕು. ಪಾಠಶಾಲೆಯಲ್ಲಿ ಬೆಳೆದವನಿಗೆ ಕವಿಯ ಮುಖವೆಂಬುದೇ ಒಂದು ವಿಚಿತ್ರವಾದ ಕಲ್ಪನೆ. ನಮಗೆ ಕಾಳಿದಾಸನಿಗೆ ಮುಖವಿಲ್ಲ, ಭಾರವಿಗೆ ಮುಖವಿಲ್ಲ, ಶ್ಲೋಕವೇ ಮುಖ. ಕವಿಗೆ ಜರೆಮರಣಗಳಿಲ್ಲದ ಯಶಃಕಾಯವೊಂದೇ ಕಾಯವೆಂದು ನಮ್ಮ ಗುರುಗಳು ಹೇಳಿದ್ದನ್ನು ನಾವು ಅಕ್ಷರಶಃ ನಂಬಿದ್ದೆವು. ಭಾರತದ ಅಂಚೆಯ ಇಲಾಖೆಯವರೂ ೧೯೬೦ರಲ್ಲಿ ಕಾಳಿದಾಸನ ಸ್ಮರಣಾರ್ಥವಾಗಿ ಚೀಟಿಗಳನ್ನು ಹೊರಡಿಸಿದಾಗ ಅವನ ಮುಖವನ್ನು ಬರೆಯಿಸುವ ಗೋಜಿಗೆ ಹೋಗದೆ, ಮೋಡವನ್ನು ಬೇಡಿಕೊಳ್ಳುವ ಯಕ್ಷನನ್ನೂ ಪತ್ರ ಬರೆಯುವ ಶಕುಂತಲೆಯನ್ನೂ ಬರೆಯಿಸಿದರು. ಅದು ಉಚಿತವಾದ ಕೆಲಸವೆಂದು ನನ್ನ ಅಭಿಪ್ರಾಯ. ಪಂಪನಿಗೂ ರನ್ನನಿಗೂ ಈಗ ಮೀಸೆ, ಕಿರೀಟ, ಕಂಠೀಹಾರಗಳನ್ನು ತೊಡಿಸಿ ಅಚ್ಚು ಹಾಕುವವರಿಗೆ ಆ ಸಂಯಮವಿಲ್ಲ.

ಈ ಮತವನ್ನು ಎಡೆಬಿಡದೆ ಕೆಣಕುತ್ತ ಬಂದವರು ನನ್ನ ಮಿತ್ರರಾದ ಒಬ್ಬ ಚಿತ್ರದ ಮೇಷ್ಟರು. ಅವರ ಮನೆ ಕುಣಿಗಲಿನಲ್ಲಿ, ಜನಪದ ಹಾಡಿನಿಂದ ಹೆಸರಾದ ಆ ದೊಡ್ಡ ಕೆರೆಗೆ ದೂರವಿಲ್ಲದ ಒಂದು ಬೀದಿಯಲ್ಲಿತ್ತು. ನಾವಿಬ್ಬರೂ ಕೆಲವು ವರ್ಷ ಒಂದೇ ಶಾಲೆಯಲ್ಲಿದ್ದೆವು. ಚಿತ್ರದ ಮೇಷ್ಟರೆಂದರೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ತೋರಣಕ್ಕೂ ಗೋಡೆಬರಹಕ್ಕೂ ಮಾತ್ರ ನೆನಪಾಗುವ ಪ್ರಾಣಿ. ಗಣಿತದವರಿಗೆ ಪಾಠ ಉಳಿದರೆ ಮೊದಲು ಹೋಗುವುದು ಅವರ ಗಂಟೆಯೇ. ಅವರು ಇದಕ್ಕೆ ಬೇಸರಪಟ್ಟುಕೊಂಡದ್ದನ್ನು ನಾನು ಕಾಣೆ. ಹಳೆಯ ನೆಲಹಾಸಿನ ಲಿನೋಲಿಯಂ ತುಂಡುಗಳನ್ನು ಬೆಂಗಳೂರಿನಿಂದ ತಂದು, ಅದರ ಮೇಲೆ ಚಿತ್ರ ಬರೆದು, ಉಳಿಯಿಂದ ಕೊರೆದು, ಅಚ್ಚುಕೂಟದ ಮಸಿ ಸವರಿ, ಕಾಗದವಿಟ್ಟು, ಅನ್ನದ ಕೈಯ ಬೆನ್ನಿನಿಂದ ತಿಕ್ಕಿ ಪಟ ತೆಗೆಯುವುದು ಅವರ ಹವ್ಯಾಸ. ಕೊರೆದ ಭಾಗ ಬಿಳಿಯಾಗಿ ಉಳಿಯುತ್ತದೆ. ಕೊರೆಯದೆ ಬಿಟ್ಟದ್ದು ಮಸಿ ಹಿಡಿದು ಕಪ್ಪಾಗುತ್ತದೆ. "ನೀವು ಅಕ್ಷರ ಸೇರಿಸಿ ಶ್ಲೋಕ ಮಾಡುತ್ತೀರಿ, ನಾನು ಬೇಡದ್ದನ್ನು ತೆಗೆದು ಮಾಡುತ್ತೇನೆ" ಎನ್ನುತ್ತಿದ್ದರು.

ಕುವೆಂಪುರವರ ಜನ್ಮಶತಾಬ್ದಿಯ ವರ್ಷವಾದ ೨೦೦೪ರ ಬೇಸಗೆಯಲ್ಲಿ ಅವರು ನನ್ನನ್ನು ಬಲವಂತಪಡಿಸಿ ಕುಪ್ಪಳಿಗೆ ಕರೆದುಕೊಂಡು ಹೋದರು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರುಗಳ ಮೇಲೆ ಶಿವಮೊಗ್ಗೆಗೆ ಹೋಗುತ್ತದಷ್ಟೆ. ಗುಬ್ಬಿಯಲ್ಲಿ ಬಸ್ಸು ಹತ್ತಿದವರಿಗೆ ಬಯಲು ಕಾಡಾಗುವ ಪವಾಡವನ್ನು ಕಿಟಕಿಯಲ್ಲಿಯೇ ಕುಳಿತು ನೋಡಬಹುದು. ತೆಂಗು ತೆಳುವಾಗಿ ಅಡಕೆ ದಟ್ಟವಾಗುತ್ತದೆ, ಮಣ್ಣು ಕೆಂಪಾಗುತ್ತದೆ, ತೀರ್ಥಹಳ್ಳಿಯಲ್ಲಿ ತುಂಗೆ ಎದುರಾಗುತ್ತಾಳೆ. ಅಲ್ಲಿಂದ ಕೊಪ್ಪದ ಕಡೆಗೆ ಸ್ವಲ್ಪ ದೂರದಲ್ಲಿ ಕುಪ್ಪಳಿ. ಕವಿ ಹುಟ್ಟಿದ್ದು ೧೯೦೪ನೆಯ ಡಿಸೆಂಬರ್ ೨೯ರಂದು, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಈ ಮನೆಯಲ್ಲಿ. ನಡುವೆ ಅಂಗಳವುಳ್ಳ ದೊಡ್ಡ ಚೌಕಿಮನೆ, ಮರದ ಕಂಬಗಳು, ಮೇಲೆ ಉಪ್ಪರಿಗೆ. ಈಗ ಅದನ್ನು ಕವಿಮನೆಯೆಂದು ಕಾಪಾಡಿ, ಮಲೆನಾಡಿನ ಬೇಸಾಯದ ಮನೆಯೊಂದರ ಪಾತ್ರೆ ಪಡಗಗಳನ್ನೂ ಕವಿಯ ವಸ್ತುಗಳನ್ನೂ ನೋಡಲಿಟ್ಟಿರುವರು. ಮನೆಯಿಂದ ಮೇಲೆ ಹತ್ತಿದರೆ ಕವಿಶೈಲ. ಅಲ್ಲಿ ಕವಿಯ ಸಮಾಧಿಯಿದೆ, ಕಲಾವಿದ ಕೆ. ಟಿ. ಶಿವಪ್ರಸಾದರ ಕಲ್ಪನೆಯಂತೆ ನಿಲ್ಲಿಸಿದ ಮಹಾಶಿಲೆಗಳಿವೆ. ಹಾಸುಬಂಡೆಯ ಮೇಲೆ ಕುಳಿತರೆ ಎದುರಿಗೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಕಡೆಯದು ಬೆಟ್ಟವೋ ಮೋಡವೋ ತಿಳಿಯದು.

ನನಗೆ ಆಶ್ಚರ್ಯವಾದದ್ದು ಬೇರೊಂದು. ಆ ಬಂಡೆಯ ಮೇಲೆ ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ, ಕುವೆಂಪು ಈ ಮೂವರ ಹೆಸರಿನ ಅಕ್ಷರಗಳನ್ನು ಕೆತ್ತಲಾಗಿದೆ. ಗುರುಗಳಿಬ್ಬರು, ಶಿಷ್ಯನೊಬ್ಬ. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯ ಅರ್ಪಿತವಾಗಿರುವುದು ಅವರಿಗೆ. ಶ್ರೀಯವರು ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದವರು. ನಮ್ಮ ಊರಿನ ಕಡೆಯ ಒಂದು ಹೆಸರನ್ನು ಓದಲು ಸಹ್ಯಾದ್ರಿಯ ಬಂಡೆಗೆ ಬರಬೇಕಾಯಿತಲ್ಲ ಎಂದು ನನಗೆ ಅನಿಸಿತು. ಮಿತ್ರರು ಉತ್ತರ ಕೊಡದೆ ಮೊಣಕಾಲೂರಿ ಆ ಅಕ್ಷರಗಳನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು.

ಊರಿಗೆ ಬಂದ ಮೇಲೆ ಒಂದೂವರೆ ವರ್ಷ ಅವರು ಕೊರೆದರು. ಕವಿಮನೆಯ ಮುಂಭಾಗ, ಅಂಗಳದಲ್ಲಿ ಬಿದ್ದ ಬಿಸಿಲು, ಉಪ್ಪರಿಗೆಯ ಕಿಟಕಿ, ಕವಿಶೈಲದ ಹಾದಿ, ಬೆಟ್ಟಸಾಲು, ತುಂಗೆಯ ಸಿಬ್ಬಲುಗುಡ್ಡೆ, ನವಿಲುಕಲ್ಲಿನ ಮುಂಬೆಳಗು, ಅಕ್ಷರಗಳ ಬಂಡೆ ಎಂದು ಎಂಟು ಅಚ್ಚುಗಳಾದುವು. ಕವಿಯ ಮುಖ ಒಂದರಲ್ಲಿಯೂ ಇಲ್ಲ. "ನಿಮ್ಮ ಮಾತಿಗೆ ಇಷ್ಟು ಮರ್ಯಾದೆ" ಎಂದರು. ಸಿಬ್ಬಲುಗುಡ್ಡೆ, ನವಿಲುಕಲ್ಲುಗಳ ವಿಷಯದಲ್ಲಿ ಒಂದು ಮಾತು ಹೇಳಬೇಕು. ಇವು ಕುಪ್ಪಳಿಯ ಸುತ್ತಿನ ಸಾಮಾನ್ಯವಾದ ತಾಣಗಳು; ಕಾಡಿನಲ್ಲಿ ಅಂತಹ ಕಲ್ಲೂ ಮಡುವೂ ನೂರಿರಬಹುದು. ಕವಿ ಅವುಗಳ ಹೆಸರು ಹಿಡಿದು ಹಾಡಿದ್ದರಿಂದ ಅವು ಕನ್ನಡದ ತಾಣಗಳಾದುವು. ಗದ್ಯದಲ್ಲಿಯೂ ಅವರು ೧೯೩೩ರಲ್ಲಿ ಹೊರಬಂದ ತಮ್ಮ ಪುಸ್ತಕಕ್ಕೆ 'ಮಲೆನಾಡಿನ ಚಿತ್ರಗಳು' ಎಂದೇ ಹೆಸರಿಟ್ಟರು.

ಬಂಡೆಯ ಅಚ್ಚಿನ ಮೊದಲ ಪ್ರತಿ ತೆಗೆದಾಗ ಒಂದು ತಮಾಷೆ ನಡೆಯಿತು. ಅಚ್ಚಿನಲ್ಲಿ ನೇರವಾಗಿ ಕೊರೆದದ್ದು ಕಾಗದದಲ್ಲಿ ತಿರುಗುಮುರುಗಾಗುವುದು ನಿಯಮ. ಮೇಷ್ಟರು ತಮ್ಮ ಪುಸ್ತಕದಲ್ಲಿದ್ದಂತೆಯೇ ಕೊರೆದುಬಿಟ್ಟಿದ್ದರು. ಕಾಗದ ಎತ್ತಿ ನೋಡಿದರೆ ಕನ್ನಡದ ಮೂವರು ಆಚಾರ್ಯರೂ ಬೆನ್ನು ತಿರುಗಿಸಿ ನಿಂತಿದ್ದರು! ನಕ್ಕು ನಕ್ಕು ಕಣ್ಣೊರೆಸಿಕೊಂಡು, ಬೇರೆ ತುಂಡು ತೆಗೆದುಕೊಂಡು ಅಕ್ಷರಗಳನ್ನು ತಿರುಗಿಸಿ ಕೊರೆದರು. ಬೆಟ್ಟಸಾಲಿನ ಅಚ್ಚೂ ಹಾಗೆಯೇ ಎಡಬಲವಾಗಿದೆಯೆಂದು ನಾನು ತೋರಿಸಿದೆ. ಅದನ್ನು ತಿದ್ದಲಿಲ್ಲ. "ಅಕ್ಷರ ತಪ್ಪಿದರೆ ಓದಲಾಗದು. ಬೆಟ್ಟವನ್ನು ಆ ಕಡೆ ನಿಂತು ನೋಡಿದವರಿಗೆ ಹೀಗೆಯೇ ಕಾಣುತ್ತದೆ" ಎಂದರು. ಇದು ನ್ಯಾಯವೋ ಸೋಮಾರಿತನವೋ ನಾನು ನಿರ್ಧರಿಸಲಾರೆ.

ಪಟಗಳಿಗೆ ಚೌಕಟ್ಟು ಹಾಕಿಸಿ ತಾವು ಕೆಲಸ ಮಾಡಿದ ಎರಡು ಮೂರು ಶಾಲೆಗಳಿಗೆ ಕೊಟ್ಟರು. ನನಗೊಂದು ಕಟ್ಟು ಕೊಟ್ಟರು. ಆಗ ನಮ್ಮಿಬ್ಬರಿಗೂ ದೊಡ್ಡ ವಾದ ನಡೆಯಿತು. ನಾನು ಹೇಳಿದ್ದು ಇಷ್ಟು: ಕುಪ್ಪಳಿಗೆ ಹೋದವರಲ್ಲಿ ಬಹುಮಂದಿ ಬಂಡೆಯ ಮೇಲೆ ನಿಂತು ತಮ್ಮ ಭಾವಚಿತ್ರ ತೆಗೆಸಿಕೊಂಡು ಇಳಿಯುತ್ತಾರೆ, ಕವನ ಓದದವನಿಗೆ ಕವಿಶೈಲವೂ ಒಂದು ಗುಡ್ಡ, ನೀವು ಆ ಗುಡ್ಡವನ್ನು ಮನೆಗೇ ತಂದುಕೊಟ್ಟರೆ ಓದುವ ಶ್ರಮವೂ ಹೋಗುವ ಶ್ರಮವೂ ಎರಡೂ ತಪ್ಪುತ್ತವೆ. ಅವರು ಬೇರೆ ಕಡೆಯಿಂದ ಬಂದರು. ಅವರ ತಾಯಿಗೆ ಓದು ಬರುತ್ತಿರಲಿಲ್ಲ. ಅವರ ಮನೆಯ ಗೋಡೆಯ ಮೇಲೆ ಯಡಿಯೂರಿನ ಪಟವಿತ್ತು. ಅದನ್ನು ನೋಡಿ ನೋಡಿ, ಈ ಹುತ್ತದೊಳಗಿನ ಅಪ್ಪ ಏನು ಹೇಳಿದ ಎಂದು ಆಕೆ ಮಠದವರನ್ನು ಕೇಳಿ, ಸಿದ್ಧಲಿಂಗರ ಹತ್ತಾರು ವಚನಗಳನ್ನು ಬಾಯಿಪಾಠ ಮಾಡಿದ್ದರು. "ನೀವು ಶ್ಲೋಕದಿಂದ ಪಟಕ್ಕೆ ಬಂದಿರಿ. ನಮ್ಮ ತಾಯಿ ಪಟದಿಂದ ವಚನಕ್ಕೆ ಹೋದರು. ಬಾಗಿಲು ಯಾವುದಾದರೇನು?" ಎಂದು ಕೇಳಿದರು.

ಇದಕ್ಕೆ ಉತ್ತರ ಹುಡುಕುತ್ತ ನಾನು ಮತ್ತೆ ನನ್ನ ಹಳೆಯ ಪುಸ್ತಕಗಳನ್ನೇ ತೆರೆದೆ. ಭವಭೂತಿಯ 'ಉತ್ತರರಾಮಚರಿತ'ದ ಮೊದಲನೆಯ ಅಂಕಕ್ಕೆ ಚಿತ್ರದರ್ಶನವೆಂದು ಹೆಸರು. ಪಟ್ಟಾಭಿಷೇಕವಾದ ಮೇಲೆ ಸೀತಾರಾಮರಿಗೆ ಲಕ್ಷ್ಮಣನು ಅವರ ಕಥೆಯನ್ನೇ ಬರೆದ ಚಿತ್ರಗಳನ್ನು ತೋರಿಸುತ್ತಾನೆ. ಅವರು ಬಾಳಿದ ತಾಣಗಳೇ ಅಲ್ಲಿವೆ: ಮಿಥಿಲೆ, ಗಂಗಾತೀರ, ಚಿತ್ರಕೂಟದ ಹಾದಿ, ದಂಡಕಾರಣ್ಯ, ಗೋದಾವರಿ. ಶೂರ್ಪನಖಿಯ ಚಿತ್ರ ಬಂದಾಗ ಸೀತೆ ಹೆದರುತ್ತಾಳೆ; ಇದು ಬರಿಯ ಚಿತ್ರವೆಂದು ರಾಮನು ಸಮಾಧಾನ ಹೇಳಬೇಕಾಗುತ್ತದೆ. ನೋಡುತ್ತ ನೋಡುತ್ತ ಆ ಕಾಡುಗಳಲ್ಲಿ ಮತ್ತೆ ಅಲೆಯಬೇಕೆಂಬ ಬಯಕೆ ಅವಳಿಗೆ ಹುಟ್ಟುತ್ತದೆ. ಆ ಬಯಕೆಯೇ ನೆಪವಾಗಿ ಅವಳು ರಥವೇರುತ್ತಾಳೆ, ಹೋದದ್ದು ಪರಿತ್ಯಾಗಕ್ಕೆ. ಈ ಅಂಕವನ್ನು ನಾನು ಎಷ್ಟೋ ಸಲ ಓದಿದ್ದೆ, ಆದರೆ ನೋಡುವವರನ್ನು ಎದ್ದು ಹೊರಡುವಂತೆ ಮಾಡುವ ಶಕ್ತಿ ಪಟಕ್ಕುಂಟೆಂದು ಭವಭೂತಿ ತಿಳಿದಿದ್ದನೆಂಬುದನ್ನು ಗಮನಿಸಿದ್ದು ಆಗಲೇ. ಇದನ್ನು ಮಿತ್ರರಿಗೆ ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು. ಆದರೆ ಸೀತೆಗೆ ಒದಗಿದ ಗತಿಯನ್ನು ಕೇಳಿ, "ಈ ದೃಷ್ಟಾಂತವನ್ನು ಶಾಲೆಯಲ್ಲಿ ಹೇಳಬೇಡಿ, ಪ್ರವಾಸಕ್ಕೆ ಯಾರೂ ಮಕ್ಕಳನ್ನು ಕಳುಹಿಸಲಾರರು" ಎಂದರು.

ಕುಪ್ಪಳಿ ಮುಗಿದ ಮೇಲೆ ಅವರ ದೃಷ್ಟಿ ನಮ್ಮ ಜಿಲ್ಲೆಯ ಮೇಲೆ ಬಿದ್ದಿತು. ಮೊದಲು ಗುಬ್ಬಿಯ ಮಲ್ಲಣಾರ್ಯ. 'ಭಾವಚಿಂತಾರತ್ನ'ವನ್ನು ೧೫೧೩ರಲ್ಲಿಯೂ 'ವೀರಶೈವಾಮೃತ ಮಹಾಪುರಾಣ'ವನ್ನು ೧೫೩೦ರಲ್ಲಿಯೂ ಮುಗಿಸಿದ ಈ ಮಹಾಕವಿಯ ಹೆಸರು ಗುಬ್ಬಿಯಲ್ಲಿಯೇ ಎಷ್ಟು ಮಂದಿಗೆ ಗೊತ್ತು? ಗುಬ್ಬಿಯೆಂದೊಡನೆ ಎಲ್ಲರಿಗೂ ನೆನಪಾಗುವುದು ವೀರಣ್ಣನವರ ನಾಟಕ ಕಂಪೆನಿ. ಅದರಲ್ಲಿ ತಪ್ಪೇನೂ ಇಲ್ಲ. ೧೮೮೪ರಲ್ಲಿ ಹುಟ್ಟಿದ ಆ ಮಂಡಲಿಯ ಬಣ್ಣದ ಪರದೆಗಳಲ್ಲಿಯೇ ಹಳ್ಳಿಯ ಜನ ಅರಮನೆಯನ್ನೂ ಅರಣ್ಯವನ್ನೂ ಮೊದಲು ಕಂಡರು. ಒಂದು ಲೆಕ್ಕದಲ್ಲಿ ಅವೂ ನಮ್ಮ ಸೀಮೆಯ ದೊಡ್ಡ ಪಟಗಳೇ. ಅದಿರಲಿ. ಮಲ್ಲಣಾರ್ಯನ ಮುಖವನ್ನು ಬರೆಯಿರೆಂದು ಊರಿನ ಉತ್ಸಾಹಿಗಳು ಕೇಳಿದರು. ಮೇಷ್ಟರು ಒಪ್ಪಲಿಲ್ಲ. ಕಂಠವನ್ನೂ ಓಲೆಗರಿಯ ಕಟ್ಟನ್ನೂ ಮಾತ್ರ ಕೊರೆದು, "ನಾನು ಕಂಡದ್ದು ಇಷ್ಟು" ಎಂದು ಕೊಟ್ಟರು. ಅದರ ಜತೆಗೆ ಕಗ್ಗೆರೆಯ ತೋಟದ ಒಂದು ಅಚ್ಚಾಯಿತು. ಅದರಲ್ಲಿ ಹುತ್ತವೂ ಇಲ್ಲ, ಹಸುವೂ ಇಲ್ಲ, ಬರಿಯ ತೋಟ. ಹನ್ನೊಂದನೆಯದು ಸಂಪಿಗೆ.

ಸಂಪಿಗೆಗೆ ನಾನೂ ಎರಡು ಸಲ ಅವರೊಡನೆ ಹೋದೆ. ಜೈಮಿನಿ ಭಾರತದ ಸುಧನ್ವನ ಚಂಪಕಪುರಿ ಇದೇ ಎಂದು ಹೇಳುವ ವಾಡಿಕೆಯುಂಟು. ಶ್ರೀಯವರು ೧೮೮೪ನೆಯ ಜನವರಿ ೩ರಂದು ಇಲ್ಲಿ ಹುಟ್ಟಿದರು. ತಂದೆಯ ಕಡೆಯ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು; ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ; ಕೆಲಸ ಮಾಡಿದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, ಅದೂ ಇಂಗ್ಲಿಷಿನ ಅಧ್ಯಾಪಕರಾಗಿ. 'ಇಂಗ್ಲಿಷ್ ಗೀತಗಳು' ಎಂಬ ಒಂದು ಸಣ್ಣ ಪುಸ್ತಕದಿಂದ ಹೊಸಗನ್ನಡ ಕವಿತೆಯ ದಾರಿಯನ್ನೇ ತಿರುಗಿಸಿದ ಅವರನ್ನು ಕನ್ನಡದ ಕಣ್ವರೆಂದು ಕರೆದರು. ಎಂತಹ ಒಪ್ಪುವ ಬಿರುದು! ಹೆತ್ತವರು ಬೇರೆಯಾದರೂ ಸಾಕಿ ಬೆಳೆಸಿ ಗಂಡನ ಮನೆಗೆ ಕಳುಹಿಸಿದವನು ಕಣ್ವ. ಪರಭಾಷೆಯ ಕವಿತೆಯನ್ನು ಕನ್ನಡದ ಮಗಳಾಗಿ ಸಾಕಿದವರು ಇವರು. ಆದರೆ ಈ ಕಣ್ವರಿಗೆ ಒಂದು ಆಶ್ರಮವನ್ನು ಎಲ್ಲಿ ಬರೆಯುವುದು? ಕುಪ್ಪಳಿಯಲ್ಲಿ ಚಿತ್ರಕಾರನಿಗೆ ಮನೆಯುಂಟು, ಬೆಟ್ಟವುಂಟು, ಹೊಳೆಯುಂಟು. ಧಾರವಾಡದಲ್ಲಿ ಬೇಂದ್ರೆಯವರ ಸಾಧನಕೇರಿಯುಂಟು, ಗದುಗಿನಲ್ಲಿ ಕುಮಾರವ್ಯಾಸನು ಒರಗಿ ಬರೆದನೆಂದು ಜನ ತೋರಿಸುವ ವೀರನಾರಾಯಣನ ಗುಡಿಯ ಕಂಬವುಂಟು. ಸಂಪಿಗೆ ಅವರಿಗೆ ಜನ್ಮ ಕೊಟ್ಟು ಕಳುಹಿಸಿದ ಊರು, ಅಷ್ಟೆ. ತೆಂಗಿನ ತೋಟಗಳ ನಡುವೆ ಒಂದು ಹಾದಿಯ ತಿರುವನ್ನು ಮೇಷ್ಟರು ಆರಿಸಿಕೊಂಡರು. ಇಲ್ಲಿಂದ ಒಂದು ಗಾಡಿಯಲ್ಲಿ ತಾಯಿ ಮಗುವನ್ನು ಎತ್ತಿಕೊಂಡು ಹೋಗಿರಬಹುದೆಂಬ ಭಾವನೆ ಬಂದರೆ ಸಾಕೆಂದರು. ಗಾಡಿಯನ್ನೂ ಬರೆಯಲಿಲ್ಲ.

ಈ ಮಧ್ಯೆ ಒಂದು ದುಃಖದ ಸಂಗತಿ ನಡೆಯಿತು. ನಿವೃತ್ತನಾದ ತರುವಾಯ ನಾನು ಒಂದು ಶಾಲೆಗೆ ಯಾವುದೋ ಸಮಾರಂಭಕ್ಕೆ ಹೋಗಿದ್ದೆ, ಹೆಸರು ಬೇಡ. ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ಕುಪ್ಪಳಿಯ ಎಂಟು ಪಟಗಳೂ ಆಟದ ಸಾಮಾನಿನ ಕೋಣೆಯಲ್ಲಿ ಚೆಂಡಿನ ಬಲೆಯ ಹಿಂದೆ ಒರಗಿದ್ದುವು; ಎರಡರ ಕನ್ನಡಿ ಒಡೆದಿತ್ತು, ಸಿಬ್ಬಲುಗುಡ್ಡೆಗೆ ಗೆದ್ದಲು ಹತ್ತಿತ್ತು. ಯಾರಿಗೂ ದುರುದ್ದೇಶವಿರಲಿಲ್ಲ; ಬಣ್ಣ ಬಳಿಯುವಾಗ ಇಳಿಸಿದರು, ಮತ್ತೆ ಏರಿಸುವವರಿರಲಿಲ್ಲ. ಈ ಸುದ್ದಿಯನ್ನು ಮಿತ್ರರಿಗೆ ಹೇಳುವುದೋ ಬಿಡುವುದೋ ಎಂದು ವಾರವೆಲ್ಲ ಯೋಚಿಸಿ ಕಡೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೇಜಿನ ಸೆಳೆಖಾನೆಯಿಂದ ಒಂದು ಕಾಗದ ತೆಗೆದು ಕೊಟ್ಟರು. ಅದೇ ಶಾಲೆಯಲ್ಲಿ ಹಿಂದೆ ಓದಿದ ಒಬ್ಬ ಹೆಣ್ಣುಮಗಳು ಬರೆದದ್ದು. ಆಕೆ ಶಿವಮೊಗ್ಗೆಯ ಕಡೆ ದಾದಿಯ ಕೆಲಸದಲ್ಲಿದ್ದಳು. ರಜ ಸಿಕ್ಕಿದಾಗ ಕವಿಶೈಲಕ್ಕೆ ಹೋಗಿದ್ದಳಂತೆ. ಮೇಷ್ಟರೇ, ನಮ್ಮ ಒಂಬತ್ತನೆಯ ತರಗತಿಯ ಪಟದಲ್ಲಿ ಎತ್ತರದ ಬೆಟ್ಟ ಎಡಗಡೆ ಇತ್ತು, ಇಲ್ಲಿ ಬಲಗಡೆ ಇದೆ, ನಾನು ಬಹಳ ಹೊತ್ತು ಹುಡುಕಿದೆ, ಪಟ ತಪ್ಪೋ ಬೆಟ್ಟ ತಪ್ಪೋ ತಿಳಿಸಿ ಎಂದು ಕೇಳಿದ್ದಳು. ಎಂಟು ವರ್ಷಗಳ ಹಿಂದೆ ನೋಡಿದ ಪಟವದು. ಪಾಠದ ನಡುವೆ ಅವಳು ಅದನ್ನು ಎಷ್ಟು ದಿನ ನೋಡಿರಬೇಕು! ಆ ಹೊತ್ತಿನಲ್ಲಿ ಅವಳಿಗೆ ನಾನು ವ್ಯಾಕರಣ ಹೇಳುತ್ತಿದ್ದೆನೆಂಬುದೂ ಸಂಭವವೇ. "ಈಗೇನು ಹೇಳುತ್ತೀರಿ?" ಎಂದು ಮೇಷ್ಟರು ಕೇಳಿದರು. ನಾನು ಹೇಳುವುದಕ್ಕೇನೂ ಇರಲಿಲ್ಲ. ಆ ಹುಡುಗಿ ಕವಿತೆಗಳನ್ನು ಓದುತ್ತಾಳೆಯೋ ಎಂದು ಮಾತ್ರ ವಿಚಾರಿಸಿದೆ. ಕಾಗದದ ಹಿಂಬದಿಯನ್ನು ನೋಡಿ ಎಂದರು. ಹಿಂಬದಿಯಲ್ಲಿ, ಬಸ್ಸಿನಲ್ಲಿ 'ಮಲೆಗಳಲ್ಲಿ ಮದುಮಗಳು' ಅರ್ಧ ಮುಗಿದಿದೆ ಎಂದು ಬರೆದಿತ್ತು.

ಮೇಷ್ಟರು ೨೦೨೧ರ ಆ ಕೆಟ್ಟ ಬೇಸಗೆಯಲ್ಲಿ ತೀರಿಕೊಂಡರು. ಕಡೆಯ ಸಲ ನೋಡಲೂ ಆಗಲಿಲ್ಲ. ಎಷ್ಟೋ ಮನೆಗಳಲ್ಲಿ ಆದ ಹಾಗೆಯೇ ಆಯಿತು, ಅದನ್ನು ಬೆಳೆಸುವುದಿಲ್ಲ. ವರ್ಷಾಂತರದಲ್ಲಿ ಮನೆಯವರು ಕುಣಿಗಲಿನ ಮನೆ ಬಿಟ್ಟು ಬೆಂಗಳೂರಿಗೆ ಹೊರಟಾಗ ಅವರ ಮಗಳು ಅಚ್ಚುಗಳನ್ನು ಒಂದು ಗೋಣಿಚೀಲದಲ್ಲಿ ಸುತ್ತಿ ತಂದು ನನ್ನ ಜಗುಲಿಯ ಮೇಲಿಟ್ಟು, "ಅಪ್ಪ ಯಾವಾಗಲೂ ನಿಮ್ಮೊಡನೆಯೇ ಜಗಳವಾಡುತ್ತಿದ್ದುದು, ಇವು ನಿಮ್ಮಲ್ಲಿಯೇ ಇರಲಿ" ಎಂದಳು. ಹನ್ನೊಂದು ಅಚ್ಚುಗಳು, ಎರಡು ಉಳಿ, ಮಸಿಯ ಉರುಳೆ, ಬೆನ್ನು ಸವೆದ ಅನ್ನದ ಕೈ. ಸಂಪಿಗೆಯ ಅಚ್ಚು ಪೂರ್ತಿಯಾಗಿರಲಿಲ್ಲ. ತೆಂಗಿನ ಗರಿಗಳವರೆಗೆ ಕೊರೆದಿದ್ದರು, ಆಕಾಶವನ್ನು ಮುಟ್ಟಿರಲಿಲ್ಲ.

ಈ ಅಚ್ಚುಗಳಿಂದ ಒಂದು ಕಟ್ಟು ಪಟಗಳನ್ನು ತೆಗೆದು ಜಿಲ್ಲೆಯ ಓದುವ ಮನೆಗಳಿಗೆ ಹಂಚಬೇಕೆಂದು ನಾವು ಕೆಲವರು ಯೋಚಿಸಿದೆವು. ಕೂಡಲೇ ಎರಡು ಪ್ರಶ್ನೆಗಳು ಎದ್ದುವು. ಬೆಟ್ಟಸಾಲು ಎಡಬಲವಾಗಿದೆ, ಗಣಕಯಂತ್ರದಲ್ಲಿ ನಿಮಿಷಾರ್ಧದಲ್ಲಿ ನೆಟ್ಟಗೆ ಮಾಡಿ ಬಣ್ಣವನ್ನೂ ತುಂಬಿ ಕೊಡುತ್ತೇನೆಂದು ತುಮಕೂರಿನ ಒಬ್ಬ ಮುದ್ರಕ ತರುಣನು ಹೇಳಿದನು. ಅವನ ಉತ್ಸಾಹ ಒಳ್ಳೆಯದೇ, ನಾನು ಬೇಡವೆಂದೆ. ಎರಡನೆಯದು ಕಷ್ಟದ ಪ್ರಶ್ನೆ. ಸಂಪಿಗೆಯ ಆಕಾಶವನ್ನು ಬೇರೆ ಯಾರಿಂದಲಾದರೂ ಕೊರೆಯಿಸುವುದೋ, ಆ ಪಟವನ್ನು ಬಿಟ್ಟೇ ಬಿಡುವುದೋ, ಇದ್ದಂತೆಯೇ ಒತ್ತುವುದೋ? ಕೊರೆಯಿಸಿ ಎಂದು ಕೆಲವರು, ಅಪೂರ್ಣವಾದದ್ದನ್ನು ತೋರಿಸುವುದು ಮೃತರಿಗೆ ಅವಮಾನವೆಂದು ಕೆಲವರು. ನನಗೆ ಶಾಕುಂತಲದ ಆರನೆಯ ಅಂಕ ನೆನಪಾಯಿತು. ದುಷ್ಯಂತನು ಶಕುಂತಲೆಯ ಚಿತ್ರವನ್ನು ಬರೆದಿದ್ದಾನೆ. ಮುಖವೂ ಸಖಿಯರೂ ಮುಗಿದಿದ್ದಾರೆ. ಅವನು ಕೊರಗುವುದು ಇನ್ನೂ ಬರೆಯಬೇಕಾದ ತಾಣಕ್ಕೆ: ಹಂಸಗಳು ಕುಳಿತ ಮಾಲಿನಿಯ ಮರಳು, ಹಿಮಾಲಯದ ತಪ್ಪಲು, ನಾರುಡೆ ತೂಗುವ ಮರ, ಅದರಡಿಯ ಜಿಂಕೆಗಳು. ಅವುಗಳನ್ನು ಅವನು ಆ ನಾಟಕದಲ್ಲಿ ಬರೆಯುವುದೇ ಇಲ್ಲ. ಹೇಳುತ್ತಾನೆ, ಅಷ್ಟೆ. ಕಣ್ವಾಶ್ರಮದ ಆ ಚಿತ್ರ ಇಂದಿಗೂ ಅರೆಯಾಗಿಯೇ ಇದೆ. ನಮ್ಮ ಕಣ್ವರ ಊರಿನದೂ ಹಾಗೆಯೇ ಇರಲೆಂದು ನಾನು ವಾದಿಸಿದೆ. ಮೇಷ್ಟರ ಮಗಳು ನನ್ನ ಪಕ್ಷಕ್ಕೆ ಬಂದುದರಿಂದ ಗೆದ್ದೆ.

೨೦೨೩ರ ದಸರೆಯ ರಜದಲ್ಲಿ ನಮ್ಮ ಹಿತ್ತಿಲಿನಲ್ಲಿ ಹಲಗೆ ಹಾಕಿ, ಆಕೆಯೂ ಆಕೆಯ ಮಗನೂ ನಾನೂ ಸೇರಿ, ಒಂದೊಂದು ಅಚ್ಚಿಗೆ ಐವತ್ತರಂತೆ ಅದೇ ಅನ್ನದ ಕೈಯಿಂದ ತಿಕ್ಕಿ ತೆಗೆದೆವು. ನನ್ನ ರಟ್ಟೆ ಮೂರು ದಿನ ಮೇಲೇಳಲಿಲ್ಲ. ಮೊದಮೊದಲ ಪ್ರತಿಗಳಲ್ಲಿ ಮಸಿ ಹೆಚ್ಚಾಗಿ ಗರಿಗಳು ಮುಚ್ಚಿಹೋದುವು. ಹುಡುಗನೇ ಮಸಿಯ ಹದವನ್ನು ಮೊದಲು ಕಂಡುಹಿಡಿದನು. ಪಟಗಳ ಕೆಳಗೆ ಕವಿಯ ಹೆಸರು, ತಾಣದ ಹೆಸರು, ಕವಿಯ ಒಂದು ಕೃತಿಯ ಹೆಸರು ಇವನ್ನು ಕೈಯಲ್ಲಿ ಬರೆದಿದ್ದೇವೆ. ಕೃತಿಯ ಹೆಸರು ನನ್ನ ಹಟ. ಕಟ್ಟಿನಲ್ಲಿ ಇನ್ನು ಹದಿನಾಲ್ಕು ಉಳಿದಿವೆ.

ಸಂಪಿಗೆಯ ಪಟದಲ್ಲಿ ತೆಂಗಿನ ಮರಗಳೂ ಹಾದಿಯ ತಿರುವೂ ಬೆಳ್ಳಗೆ ಬಂದಿವೆ, ಮೇಲೆ ಆಕಾಶವೆಲ್ಲ ಕಪ್ಪು. ನೋಡಿದವರಲ್ಲಿ ಕೆಲವರು ಅದು ಅಮಾವಾಸ್ಯೆಯ ರಾತ್ರಿಯೆನ್ನುತ್ತಾರೆ. ತುರುವೇಕೆರೆಯಿಂದ ಬಂದ ಒಬ್ಬ ರೈತರು ಮಾತ್ರ ಬಹಳ ಹೊತ್ತು ನೋಡಿ, ಮಳೆ ಬರುವ ಹಾಗಿದೆ ಎಂದರು.